ದಾವಲಬಿಯ ಹೆಬ್ಬೆರಳು

"ಕುಪ್ಪಸ ತಗಿ, ಬೋರಲ ಬೀಳ" ಅಂದಳು ದಾವಲಬಿ,
ಕದಕ್ಕ ಅಗಳಿ ಹಾಕಿ, ನೆಲಕ್ಕ ಹಳೇ ಕೌದಿ ಹಾಸಿ.
ನಾಚಿಕಿ ಬಂತು.
ಗುಳೇದಗುಡ್ಡದಾಗ ಮೂವತ್ತು ವರ್ಷ ಕುಂತು
ಕಂಡವರ ಬೆನ್ನಿಗೆಲ್ಲ ಖಣ ನೇಯ್ದಾಕಿ ನಾನು,
ನನ್ನ ಬೆನ್ನು ಹೆಂಗೈತಂತ ನಾನೇ ನೋಡಿಲ್ಲ.

ಒಲಿ ಮ್ಯಾಲ ಕುಸುಬಿ ಎಣ್ಣಿ,
ಅದರಾಗ ನಾಕು ಎಸಳು ಬೆಳ್ಳೊಳ್ಳಿ, ಚಿಮಟಿ ಅಜವಾನ.
ಬೆಳ್ಳೊಳ್ಳಿ ಕೆಂಪಾಗೋ ವಾಸನಿಗೆ
ಹೊಟ್ಟಿ ಚುರ್ ಅಂತು.
"ಒಗ್ಗರಣಿಗಲ್ಲವಾ, ನಿನಗ" ಅಂತ ನಕ್ಕಳು.

ಮೊದಲ ಬರೇ ಅಂಗೈ ಇಟ್ಟಳು, ಒತ್ತಲಿಲ್ಲ.
ಮಗ್ಗಕ್ಕ ಹೊಸ ಹಾಸು ಏರಿಸಿದಾಗ
ಒಮ್ಮೆ ಕೈಯಾಡಿಸಿ ನೋಡತೀವಲ್ಲ ನಾವು,
ಎಲ್ಲಿ ಬಿಗಿ, ಎಲ್ಲಿ ಸಡಲ, ಯಾವ ಎಳಿ ಹರದೀತು,
ಹಂಗ.

ಕುತ್ತಿಗಿ ಬುಡಕ್ಕ ನಿಂತಿತು ಬೆರಳು.
"ಇಲ್ಲೇನು?"
"ಹೂಂ."
"ಇದು?"
"ಅಯ್ಯಯ್ಯ!"
"ಲಾಳಿ ಹಿಂದ ಕಣ್ಣು, ಕಣ್ಣಿನ ಹಿಂದ ಗೋಣು.
ಬಗ್ಗಿ ಬಗ್ಗಿ ಬಗ್ಗಿ
ಬಗ್ಗೋದೇ ನೆಟ್ಟಗಂತ ತಿಳಕೊಂಡೈತಿ ನಿನ್ನ ನರ."
ರೆಕ್ಕಿ ಎಲುಬಿನ ಒಳಗ, ಬಲಕ್ಕ:
"ಇದು ಹಣಿಗಿ ಬಡದದ್ದು."
ಸೊಂಟಕ್ಕ ಇಳದು:
"ಇದು ಕುಣಿಯಾಗ ಕುಂತು ತುಳದದ್ದು."
ಎಡಕ್ಕ ಒಂದು ಕಡಿ ಹೆಬ್ಬೆರಳು ಹೋಗಿ ಕುಂತಿತು,
ಏಳಲೇ ಇಲ್ಲ.
"ಇದು ಮಗ್ಗದ್ದಲ್ಲ" ಅಂದಳು.

ನಾ ಹೇಳಲಿಲ್ಲ. ಆಕಿ ಕೇಳಲಿಲ್ಲ.
ಹದಿನಾರು ವರ್ಷ ಆತು, ಅದೇ ಮಗ್ಗಲಕ್ಕ ಮಲಗೇನಿ
ಗ್ವಾಡಿ ಕಡೆ ಮಾರಿ ಮಾಡಿ.

"ಉಸರು ಬಿಡು."
ಬಿಟ್ಟೆ.
"ಅದಲ್ಲ, ಒಳಗ ಹಿಡದಿದ್ದು."
ಒತ್ತಿದ್ದಕ್ಕ ನೋವು ಹೆಚ್ಚಾತು, ಮತ್ತೂ ಹೆಚ್ಚಾತು,
ಹಟ ಹಿಡದ ಕೂಸು ಅತ್ತು ಅತ್ತು
ಒಮ್ಮಿಗೇ ಹೆಗಲ ಮ್ಯಾಲ ನಿದ್ದಿ ಹೋದಂಗ
ಹೋತು.
ಹರದ ಎಳಿಗೆ ಗಂಟು ಹಾಕೋದು ನಮ್ಮ ಕಸಬು.
ಬಿಚ್ಚೋದೂ ಒಂದು ಕಸಬು ಐತಂತ
ಐವತ್ತಕ್ಕ ಬಂದ ಮ್ಯಾಲ ತಿಳೀತು.

ಕೌದಿಯಾಗ ಮಾರಿ ಹುದುಗಿಸಿ ಅತ್ತೆ.
ಕೈ ನಿಲ್ಲಿಸಲಿಲ್ಲ ಆಕಿ.
ಇದೇ ಕೈ. ನನ್ನ ಅನ್ನಪೂರ್ಣಿ ಹುಟ್ಟಿದಾಗ
ಹಂಡೇದ ಬಿಸಿನೀರು ಸುರುವಿ ತಾಯಿ ಮಗಳಿಬ್ಬರಿಗೂ ಎರದ ಕೈ.
ಆಮ್ಯಾಲ ನನ್ನ ಬೆನ್ನಿಗೆ ಯಾರದಾರ ಕೈ ಹತ್ತಿದ್ದು
ಇವತ್ತೇ.
"ಈಗ ಕೂಸುಗಳೆಲ್ಲ ದವಾಖಾನ್ಯಾಗ ಹುಟ್ಟತಾವ,
ಬಾಟಲಿ ಎಣ್ಣಿ ಬರತೈತಿ" ಅಂದಳು,
"ನನಗೀಗ ಉಳದಾವು ಕೂಸಿನ ಅವ್ವಂದಿರ ಬೆನ್ನು."

ಉಪ್ಪಿನ ಗಂಟು ಕಾಸಿ ಸೊಂಟಕ್ಕಿಟ್ಟು
ಬೈಯ್ಯಾಕ ಸುರು ಮಾಡಿದಳು:
"ಮಗ್ಗಕ್ಕ ಕುಂತರ ಮತ್ತ ಹಿಡೀತದ, ನಾ ಏನ್ ಪೀರಸಾಬನೇನು?
ಎರಡು ಕಂಡಿಕಿ ಮುಗದ್ರ ಎದ್ದು ನಿಂದ್ರು,
ಗ್ವಾಡಿಗೆ ಬೆನ್ನು ಹಚ್ಚು, ಮ್ಯಾಲ ನೋಡು.
ಬೆರಳು ಜುಂ ಅಂತಂದ್ರ, ಕಾಲಿಗೆ ಬಲ ಇಲ್ಲಂದ್ರ
ನನ್ನ ಕಡೆ ಬರಬ್ಯಾಡ, ಬಾಗಲಕೋಟಿಗೆ ಹೋಗು, ತಿಳೀತಿಲ್ಲೊ?"
ಒಂದು ಖಣದ ಕೂಲಿ ಕೊಟ್ಟೆ.
ಅರ್ಧ ತಿರುಗಿ ಕೊಟ್ಟಳು, "ಮುಂದಿನ ಸಲಕ್ಕ ಇರಲಿ."

ಹೊರಗ ಬಂದು ಗೋಣು ಎಡಕ್ಕ ತಿರುಗಿಸಿದೆ,
ತಿರುಗಿತು.
ಬಲಕ್ಕ ತಿರುಗಿಸಿದೆ.
ಮತ್ತ ಸುಮ್ಮನ ಮ್ಯಾಲ ಎತ್ತಿದೆ:
ಗುಡ್ಡ ಅಲ್ಲೇ ಇತ್ತು, ಸಂಜಿ ಬಿಸಲಿಗೆ ಕಲ್ಲೆಲ್ಲ ಕೆಂಪಾಗಿ,
ಇಷ್ಟು ದಿನ ನೆಲಕ್ಕ ಬಿದ್ದ ಅದರ ನೆರಳಷ್ಟೇ ನೋಡಿದ್ದೆ ನಾ.

ಮುಂದ ಒಬ್ಬಾಕಿ ಕೊಡ ಹೊತ್ತು ನಡದಿದ್ದಳು.
ಬೆನ್ನ ಮ್ಯಾಲ ಖಣ, ಗುರತ ಹತ್ತಿತು, ನನ್ನ ಕೈದೇ.
ಅದರ ಕೆಳಗ ಒಂದು ಭುಜ ಮ್ಯಾಲ, ಒಂದು ಕೆಳಗ.
"ಏ ತಂಗಿ" ಅಂತ ಕರದೆ,
"ನಿಂದ್ರು ಒಂದಿಷ್ಟು,
ಎಲ್ಲಿ ಹಿಡದೈತಿ?"